ಬಾಯಿಮಾತಿನ ಒಪ್ಪಿಗೆ

ಆಕೆ ಮೊದಲ ದಿನವೇ ನನ್ನನ್ನು ಡಾಕ್ಟರ್ ಎಂದು ಕರೆದಳು. ನಾನು ಪಿಎಚ್‌ಡಿ ಮುಗಿಸಿದವಳಲ್ಲ. ಮಗಳು ಹುಟ್ಟಿದಾಗ ಅರ್ಧಕ್ಕೆ ಬಿಟ್ಟದ್ದು ಹಾಗೆಯೇ ಉಳಿದುಹೋಗಿತ್ತು. ಹಾಗೆ ಕರೆಯಬೇಡ, ಮ್ಯಾಡಮ್ ಅಂದರೆ ಸಾಕು ಎಂದೆ. ಅವಳು ತಲೆಯಾಡಿಸಿದಳು, ಮರುದಿನ ಮತ್ತೆ ಡಾಕ್ಟರ್ ಎಂದಳು. ಅವರ ಸುಡಾನಿನಲ್ಲಿ ಕಾಲೇಜಿನಲ್ಲಿ ಪಾಠ ಹೇಳುವವರೆಲ್ಲ ಡಾಕ್ಟರೇ ಅಂತೆ. ಬೇರೆ ಏನಾದರೂ ಕರೆದರೆ ನಾಲಿಗೆಗೆ ಮರ್ಯಾದೆ ತಪ್ಪಿದಂತಾಗುತ್ತದೆ ಎಂದು ಅಳೆದಳೆದು ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ ನಾನು ತಿದ್ದುವುದನ್ನು ಬಿಟ್ಟೆ.

ಅವಳು ಉಳಿದ ವಿದ್ಯಾರ್ಥಿಗಳಿಗಿಂತ ವಯಸ್ಸಿನಲ್ಲಿ ದೊಡ್ಡವಳು. ಖಾರ್ತೂಮಿನಲ್ಲಿ ಅರ್ಧ ಡಿಗ್ರಿ ಓದಿದ್ದಳು. ಯುದ್ಧ ಶುರುವಾಗಿ ಅವಳ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತು. ತಾಯಿ ಮತ್ತು ತಂಗಿಯರು ಈಜಿಪ್ಟಿಗೆ ಹೋಗಿ ಸೇರಿಕೊಂಡರು. ಸೌದಿಯಲ್ಲಿ ಕೆಲಸಕ್ಕಿದ್ದ ಅಣ್ಣ ಇವಳನ್ನಾದರೂ ಓದಿಸೋಣವೆಂದು ಪುಣೆಗೆ ಕಳಿಸಿದ್ದ. ಹಿಂದೆ ಅವರ ಸಂಬಂಧಿಕನೊಬ್ಬ ಇಲ್ಲಿ ಓದಿ ಹೋಗಿದ್ದ ಎನ್ನುವುದಷ್ಟೇ ಈ ಊರನ್ನು ಆರಿಸಿಕೊಳ್ಳಲು ಇದ್ದ ಕಾರಣ. ಪುಣೆಯ ಕೊಂಢವಾ ಬಡಾವಣೆಯಲ್ಲಿ ತಮ್ಮ ದೇಶದ ಇನ್ನಿಬ್ಬರು ಹೆಣ್ಣುಮಕ್ಕಳ ಜೊತೆ ಫ್ಲ್ಯಾಟು ಮಾಡಿಕೊಂಡಿದ್ದಳು.

ನಾನು ಬಿ.ಎ. ಮಕ್ಕಳಿಗೆ ಅರ್ಥಶಾಸ್ತ್ರ ಕಲಿಸುತ್ತೇನೆ. ನಮ್ಮ ಕಾಲೇಜಿಗೆ ಹೊರದೇಶದ ವಿದ್ಯಾರ್ಥಿಗಳು ಬರುವುದು ಹೊಸದಲ್ಲ. ಯೆಮೆನ್, ಸುಡಾನ್, ಅಫ್ಘಾನಿಸ್ತಾನ, ತಾಂಜಾನಿಯಾದವರು ಪ್ರತಿ ವರ್ಷ ಕೆಲವರಾದರೂ ಇರುತ್ತಾರೆ. ಅವರು ಕೂರುವುದು ಕಿಟಕಿಯ ಪಕ್ಕದ ಹಿಂದಿನ ಬೆಂಚುಗಳಲ್ಲಿ. ಯಾರೂ ಅಲ್ಲಿ ಕೂರಿ ಎಂದು ಹೇಳಿಲ್ಲ. ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ ಎಂದು ಪ್ರವೇಶದ ಪುಸ್ತಕದಲ್ಲಿ ಬರೆದಿದೆ. ನಡೆಯುವುದೂ ಹಾಗೆಯೇ, ಸುಲಭದ ಭಾಗಗಳಲ್ಲಿ. ಕಠಿಣ ಜಾಗ ಬಂದ ಕೂಡಲೇ ಮೇಷ್ಟ್ರು ಮರಾಠಿಗೆ ಹೊರಳುತ್ತಾರೆ, ಎರಡು ಮಾತಿನಲ್ಲಿ ಬಿಡಿಸಿ ಹೇಳುತ್ತಾರೆ, ತರಗತಿ ಹಗುರಾಗಿ ನಗುತ್ತದೆ. 'ಸಮಜಲಂ ಕಾ?', ತಿಳಿಯಿತೇ, ಎಂದು ಕೇಳಿ ಮುಂದಕ್ಕೆ ಹೋಗುತ್ತಾರೆ. ಹಿಂದಿನ ಬೆಂಚಿನವರಿಗೆ ಯಾವ ಜಾಗದಲ್ಲಿ ನೆರವು ಬೇಕಿತ್ತೋ ಸರಿಯಾಗಿ ಅಲ್ಲೇ ಭಾಷೆ ಬದಲಾಗಿರುತ್ತದೆ. ನಾನೂ ವರ್ಷಗಟ್ಟಲೆ ಹಾಗೆಯೇ ಕಲಿಸುತ್ತಿದ್ದೆ.

ಕಲಿಸುತ್ತಿದ್ದೆ ಎಂದು ಬರೆಯುವಾಗ ಆಶ್ಚರ್ಯವಾಗುತ್ತದೆ, ಯಾಕೆಂದರೆ ನಾನೇ ಆ ಬೆಂಚಿನಿಂದ ಬಂದವಳು. ಗದಗಿನಿಂದ ಮದುವೆಯಾಗಿ ಈ ಊರಿಗೆ ಬಂದಾಗ ನನಗೆ ಮರಾಠಿಯಲ್ಲಿ ತರಕಾರಿಯ ಹೆಸರುಗಳೂ ಸರಿಯಾಗಿ ಬರುತ್ತಿರಲಿಲ್ಲ. ಗಂಡ ರಾಂಜಣಗಾಂವದ ಫ್ಯಾಕ್ಟರಿಗೆ ಬೆಳಗ್ಗೆ ಕಂಪನಿ ಬಸ್ಸಿನಲ್ಲಿ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ನಾನು ಎಂ.ಎ. ಮುಗಿಸುತ್ತೇನೆಂದು ಹಟ ಹಿಡಿದು ಸೇರಿಕೊಂಡೆ. ನಮಗೊಬ್ಬರು ವಯಸ್ಸಾದ ಪ್ರೊಫೆಸರರಿದ್ದರು, ಬಹಳ ಒಳ್ಳೆಯವರು. ಅವರು ಮರಾಠಿಯಲ್ಲಿ ಏನೋ ಹೇಳುತ್ತಿದ್ದರು, ಎಲ್ಲರೂ ನಗುತ್ತಿದ್ದರು, ನಾನೂ ಒಂದು ಕ್ಷಣ ತಡವಾಗಿ ನಗುತ್ತಿದ್ದೆ. ಸುಡಾನಿನ ಆ ಹುಡುಗಿ ನನ್ನ ತರಗತಿಯಲ್ಲಿ ಅದೇ ರೀತಿ ತಡವಾಗಿ ನಕ್ಕದ್ದನ್ನು ಒಂದು ದಿನ ನೋಡಿದೆ. ನನ್ನದೇ ಮಾತಿಗೆ ನಕ್ಕದ್ದು. ಅವತ್ತು ಪಾಠ ಮುಂದುವರಿಸುವುದು ಕಷ್ಟವಾಯಿತು.

ಇದನ್ನು ನಾನು ಹೇಳಿಕೊಂಡದ್ದು ಅಕ್ಕನ ಹತ್ತಿರ. ಅಕ್ಕ ಎಂದರೆ ನಮ್ಮ ವಿಭಾಗದ ಮುಖ್ಯಸ್ಥೆ. ವಿಜಯಪುರದ ಕಡೆಯವರು, ನನಗಿಂತ ಎಷ್ಟೋ ಹಿರಿಯರು. ನಾನು ತಾತ್ಕಾಲಿಕ ಉಪನ್ಯಾಸಕಿಯಾಗಿ ಕಾಲೇಜಿಗೆ ಸೇರಿದ ವಾರದಲ್ಲೇ, ಫೋನಿನಲ್ಲಿ ತವರಿನವರ ಜೊತೆ ಮಾತಾಡುವುದನ್ನು ಕೇಳಿಸಿಕೊಂಡು ನನ್ನ ಕುರ್ಚಿಯ ಪಕ್ಕ ಬಂದು ನಿಂತಿದ್ದರು. "ಯಾವೂರಾಕಿ ನೀ?" ಎಂದು ಕೇಳಿದ್ದರು. ಆ ಸ್ಟಾಫ್ ರೂಮಿನಲ್ಲಿ ಕನ್ನಡ ಬರುವವರು ನಾವಿಬ್ಬರೇ. ಅಂದಿನಿಂದ ಮಧ್ಯಾಹ್ನದ ಡಬ್ಬಿ ಒಟ್ಟಿಗೆ. ಅವರ ಡಬ್ಬಿಯ ಜೋಳದ ರೊಟ್ಟಿ, ನನ್ನ ಡಬ್ಬಿಯ ಶೇಂಗಾ ಹಿಂಡಿ. ನಾನು ಕಾಯಂ ಆಗುವುದಕ್ಕೆ ಅವರು ಎಷ್ಟು ಓಡಾಡಿದರೆಂದು ನನಗೆ ಗೊತ್ತು. ಮಗಳು ಹುಟ್ಟಿದಾಗ ಆಸ್ಪತ್ರೆಗೆ ಮೊದಲು ಬಂದವರೂ ಅವರೇ. ಯಾರಾದರೂ ಕೇಳಿದರೆ ನಾನು ಅವರನ್ನು ಸಹೋದ್ಯೋಗಿ ಎನ್ನುತ್ತಿರಲಿಲ್ಲ, ನಮ್ಮ ಅಕ್ಕ ಎನ್ನುತ್ತಿದ್ದೆ.

ಅಕ್ಕ ನನ್ನ ಮಾತು ಕೇಳಿ ಅಲ್ಲಗಳೆಯಲಿಲ್ಲ. ಆ ಮಕ್ಕಳಿಗೆ ಶನಿವಾರ ಬೇರೆ ತರಗತಿ ತೆಗೆದುಕೊಳ್ಳುತ್ತೇನೆ ಎಂದೆ, ಸರಿ ಎಂದರು. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕೆಂದಿದ್ದೆ. ನಮ್ಮಲ್ಲಿ ಪ್ರತಿ ಸೆಮಿಸ್ಟರಿನಲ್ಲಿ ಕಾಲೇಜೇ ಕೊಡುವ ಇಂಟರ್ನಲ್ ಮಾರ್ಕ್ಸ್ ಇರುತ್ತವೆ. ಅದರ ದೊಡ್ಡ ಪಾಲು ಒಂದು ಬರವಣಿಗೆಯ ಟೆಸ್ಟಿನಿಂದ ಬರುತ್ತದೆ. ಅರಬ್ಬಿಯಲ್ಲಿ ಓದಿ ಬಂದವರು ವಿಷಯ ತಿಳಿದಿದ್ದರೂ ಇಂಗ್ಲಿಷಿನಲ್ಲಿ ವೇಗವಾಗಿ ಬರೆಯಲಾರದೆ ಅರ್ಧ ಹಾಳೆ ಖಾಲಿ ಬಿಟ್ಟು ಬರುತ್ತಿದ್ದರು. ಬೇಕಾದವರು ಆ ಟೆಸ್ಟಿನ ಬದಲು ಬಾಯಿಮಾತಿನಲ್ಲಿ ಉತ್ತರ ಹೇಳಬಹುದು ಎಂದು ಮಾಡಿದರೆ? ಹೊರದೇಶದವರಿಗೆ ಮಾತ್ರವಲ್ಲ, ಯಾರಿಗೆ ಬೇಕಾದರೂ. ಸುತ್ತಲಿನ ತಾಲೂಕುಗಳಿಂದ ಮರಾಠಿ ಮೀಡಿಯಮ್ಮಿನಲ್ಲಿ ಓದಿ ಬಂದವರಿಗೂ ಅದೇ ತೊಂದರೆ ಇತ್ತು.

"ಮಾಡು," ಎಂದರು ಅಕ್ಕ.

"ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಕೊಡ್ಲೇನ್ರಿ? ನಿಮ್ಮ ಸಹಿ ತಗೊಂಡು?"

ಅವರು ರೊಟ್ಟಿ ಮುರಿಯುತ್ತಲೇ ಇದ್ದರು. "ಕಾಗದ ಕೊಟ್ಟರ ಅದು ಮೇಜಿನ ಮ್ಯಾಲ ಕೂತು ಹಣ್ಣಾಗ್ತದ. ಅಷ್ಟರಾಗ ಈ ಹುಡುಗರು ಪಾಸ್ ಔಟ್ ಆಗಿ ಹೋಗಿರ್ತಾರ. ಇಂಟರ್ನಲ್ ಹೆಂಗ ತಗೋಬೇಕು ಅನ್ನೋದು ವಿಭಾಗದ ಕೈಯಾಗಿಂದು. ನೀ ಮಾಡು, ನಾ ಅದೀನಲ್ಲ."

ನನಗೆ ಅದಕ್ಕಿಂತ ದೊಡ್ಡ ಸಹಿ ಬೇಕಿರಲಿಲ್ಲ.

ಆ ಸೆಮಿಸ್ಟರನ್ನು ನಾನು ಸುಲಭವಾಗಿ ಮರೆಯಲಾರೆ. ಪಾಠದಲ್ಲಿ ಮರಾಠಿಗೆ ಹೊರಳುವ ಅಭ್ಯಾಸ ಬಿಡುವುದೇ ಮೊದಲ ಕಷ್ಟ. ಬಿಟ್ಟರೆ ಇಲ್ಲಿಯ ಹುಡುಗರು ಮುಖ ಬಾಡಿಸುತ್ತಿದ್ದರು. ಕೊನೆಗೆ, ಮರಾಠಿಯಲ್ಲಿ ಏನೇ ಹೇಳಿದರೂ ಅದನ್ನು ಇಂಗ್ಲಿಷಿನಲ್ಲಿ ಮತ್ತೆ ಹೇಳುವುದು, ಹೇಳಿದ್ದನ್ನು ಬೋರ್ಡಿನ ಮೇಲೆ ಬರೆಯುವುದು ಎಂದು ಗೊತ್ತುಮಾಡಿಕೊಂಡೆ. ನಗೆಮಾತಾದರೆ ಅದನ್ನೂ ಬಿಡಿಸಿ ಹೇಳುತ್ತಿದ್ದೆ. ಬಿಡಿಸಿ ಹೇಳಿದ ನಗೆಮಾತಿಗೆ ಯಾರೂ ನಗುವುದಿಲ್ಲ, ಆದರೂ ಹಿಂದಿನ ಬೆಂಚು ತಲೆ ಎತ್ತಿ ನೋಡುತ್ತಿತ್ತು. ನನ್ನ ಉದಾಹರಣೆಗಳೆಲ್ಲ ದೀಪಾವಳಿಯ ಫರಾಳದ ತಿಂಡಿಗಳ ಬೆಲೆ, ಪೇಠೆಯ ವಾಡೆ ಮನೆಗಳ ಹಳೆಯ ಬಾಡಿಗೆ ಇಂಥವೇ ಆಗಿದ್ದವು. ನಿಮ್ಮೂರಲ್ಲಿ ಇದಕ್ಕೆ ಏನು ಉದಾಹರಣೆ ಕೊಡುತ್ತೀರಿ ಎಂದು ಕೇಳತೊಡಗಿದೆ. ಶನಿವಾರಗಳಲ್ಲಿ ಹೊರಗಿನವರೊಬ್ಬರ ಜೊತೆ ಇಲ್ಲಿಯವರೊಬ್ಬರನ್ನು ಕೂರಿಸಿದೆ. ಪುಣೆ ಜಿಲ್ಲೆಯ ಶಿರೂರಿನ ಕಡೆಯಿಂದ ಬರುತ್ತಿದ್ದ, ತರಗತಿಯಲ್ಲಿ ಬಾಯಿ ಬಿಡದ ಹುಡುಗಿಯೊಬ್ಬಳು ಸುಡಾನಿನವಳ ಜೊತೆಯಾದಳು. ಇಬ್ಬರ ಇಂಗ್ಲಿಷೂ ಒಂದೇ ಹದದ್ದು. ಒಬ್ಬರ ತಪ್ಪಿಗೆ ಇನ್ನೊಬ್ಬರು ನಾಚಬೇಕಾಗಿರಲಿಲ್ಲ.

ಬಾಯಿಮಾತಿನ ಪರೀಕ್ಷೆಯನ್ನು ತರಗತಿಯಲ್ಲೇ, ಎಲ್ಲರ ಮುಂದೆ ಇಟ್ಟೆ. ಮುಚ್ಚುಮರೆ ಇರಬಾರದೆಂದು. ಇದು ಕಾಲೇಜೇ ಒಪ್ಪಿದ ದಾರಿ, ಕಾಲೇಜು ನಿಮ್ಮ ಜೊತೆ ಇದೆ ಎಂದೂ ಹೇಳಿದ್ದೆ. ಸುಡಾನಿನವಳಿಗೆ ಬಂದ ಪ್ರಶ್ನೆ ಬೆಲೆಯ ನಿರೀಕ್ಷೆಯ ಬಗ್ಗೆ: ನಾಳೆ ಬೆಲೆ ಏರುತ್ತದೆಂದು ಜನ ನಂಬಿದರೆ ಇವತ್ತು ಏನಾಗುತ್ತದೆ. ಅವಳು ಪುಸ್ತಕದ ಮಾತಿನಿಂದ ಶುರುಮಾಡಿ ನಡುವೆ ನಿಂತಳು. ಆಮೇಲೆ ತಮ್ಮ ಬೀದಿಯ ಸಕ್ಕರೆ ಅಂಗಡಿಯ ಕಥೆ ಹೇಳಿದಳು. ಗುಂಡಿನ ಸದ್ದು ಇನ್ನೂ ದೂರದಲ್ಲಿದ್ದಾಗಲೇ ಜನ ಸಕ್ಕರೆ, ಬ್ಯಾಟರಿ, ಹಿಟ್ಟು ಕೊಳ್ಳಲು ಓಡಿದರು. ಅಂಗಡಿಯವನ ಹತ್ತಿರ ಮಾಲು ತುಂಬಿತ್ತು, ಆದರೂ ಅವನು ಅರ್ಧ ಬಾಗಿಲು ಎಳೆದುಕೊಂಡು ಇಲ್ಲ ಎಂದ. ಅವನು ಕೆಟ್ಟವನಲ್ಲ, ನಮ್ಮ ತಂದೆಯ ಗೆಳೆಯ, ಎಂದಳು. ನಾಳೆ ತಾನು ಎಷ್ಟಕ್ಕೆ ಕೊಳ್ಳಬೇಕಾಗುತ್ತದೋ ಅವನಿಗೆ ಗೊತ್ತಿರಲಿಲ್ಲ, ಅದಕ್ಕೇ ಇವತ್ತು ಮಾರಲಿಲ್ಲ. ಬೇಡಿಕೆಯ ರೇಖೆ ಬಲಕ್ಕೆ ಸರಿಯಿತು, ಪೂರೈಕೆಯ ರೇಖೆ ಎಡಕ್ಕೆ. ಎರಡೂ ಒಂದೇ ಬೆಳಗ್ಗೆ. ಹೇಳುತ್ತಲೇ ಬೋರ್ಡಿನ ಮೇಲೆ ರೇಖೆಗಳನ್ನು ಎಳೆದು ತೋರಿಸಿದಳು. ಮುಂದಿನ ಬೆಂಚಿನ ಹುಡುಗನೊಬ್ಬ ಕೈ ಎತ್ತಿ ಆಮೇಲೆ ಆ ಅಂಗಡಿಯವನು ಏನಾದ ಎಂದು ಕೇಳಿದ. ಗೊತ್ತಿಲ್ಲ ಎಂದು ಹೇಳಿ ಹೋಗಿ ಕೂತಳು. ನಾನು ಅವಳಿಗೆ ಒಳ್ಳೆಯ ಮಾರ್ಕ್ಸ್ ಕೊಟ್ಟೆ. ಈಗ ಕೇಳಿದರೂ ಅಷ್ಟೇ ಕೊಡುತ್ತೇನೆ.

ಅದಾದ ಕೆಲವು ದಿನಗಳಲ್ಲಿ ಕಾಲೇಜನ್ನು ನೋಡಿ ದರ್ಜೆ ಕೊಡುವ ಹೊರಗಿನ ಸಮಿತಿ ಬಂತು. ಗೋಡೆಗಳಿಗೆ ಬಣ್ಣ, ಕಾರಿಡಾರಿನಲ್ಲಿ ರಂಗೋಲಿ. ಅಕ್ಕ ಸಮಿತಿಯವರನ್ನು ನನ್ನ ಶನಿವಾರದ ತರಗತಿಗೆ ತಾವೇ ಕರೆತಂದರು. ಇವರಲ್ಲಿ ಕೆಲವರು ಉತ್ತರಗಳನ್ನು ಬಾಯಿಯಲ್ಲಿ ಹೇಳುತ್ತಾರೆ, ಇದು ನಮ್ಮ ವಿಭಾಗದ ಹೊಸ ಪ್ರಯೋಗ ಎಂದು ಅವರೇ ಇಂಗ್ಲಿಷಿನಲ್ಲಿ ವಿವರಿಸಿದರು. ಸಮಿತಿಯ ಹಿರಿಯರೊಬ್ಬರು ಸುಡಾನಿನವಳ ಜೊತೆ ಮಾತಾಡಿ ಸಂತೋಷಪಟ್ಟರು. ಫೋಟೋ ತೆಗೆದರು. ಫೋಟೋದಲ್ಲಿ ಅಕ್ಕ ಅವಳ ಹೆಗಲ ಮೇಲೆ ಕೈ ಇಟ್ಟಿದ್ದಾರೆ. ಅವತ್ತು ಮಧ್ಯಾಹ್ನ ಡಬ್ಬಿ ಬಿಚ್ಚುವಾಗ, "ನೋಡಿದ್ಯಾ, ನಿನ್ನ ಕೆಲಸಕ್ಕ ಬೆಲಿ ಬಂತು," ಎಂದರು. ನನಗೆ ಹೊಟ್ಟೆ ತುಂಬಿದಂತಾಯಿತು.

ದೂರು ಬಂದದ್ದು ಸೆಮಿಸ್ಟರಿನ ಕೊನೆಯಲ್ಲಿ, ಇಂಟರ್ನಲ್ ಮಾರ್ಕ್ಸ್ ಬೋರ್ಡಿಗೆ ಹಾಕಿದ ಮೇಲೆ. ಟೆಸ್ಟನ್ನು ಬರೆದೇ ಕೊಟ್ಟಿದ್ದ ಒಬ್ಬ ಹುಡುಗನ ತಂದೆ ಪ್ರಿನ್ಸಿಪಾಲರ ಕೋಣೆಗೆ ಬಂದು, ಹೊರದೇಶದವರಿಗೆ ಬಾಯಿಮಾತಿಗೆ ಮಾರ್ಕ್ಸ್ ಹಂಚಿದ್ದಾರೆ, ನಮ್ಮ ಮಗ ಕೈನೋವು ಬರುವಂತೆ ಬರೆದರೂ ಕಡಿಮೆ ಬಂದಿದೆ ಎಂದರಂತೆ. ಆತನಿಗೆ ಆಡಳಿತ ಮಂಡಳಿಯಲ್ಲಿ ಪರಿಚಯವಿತ್ತು. ನನಗೆ ಗಾಬರಿಯೇನೂ ಆಗಲಿಲ್ಲ. ಬಾಯಿಮಾತನ್ನು ಆರಿಸಿಕೊಂಡವರಲ್ಲಿ ಇಲ್ಲಿಯವರೇ ಹೆಚ್ಚಿದ್ದರು, ಎಲ್ಲ ನಡೆದದ್ದು ತರಗತಿಯ ಎದುರಿಗೆ, ಹಿಂದೆ ಅಕ್ಕ ಇದ್ದಾರೆ. ಸಭೆಗೆ ಕರೆದ ದಿನ ಇಬ್ಬರೂ ಒಟ್ಟಿಗೇ ಮೆಟ್ಟಿಲು ಹತ್ತಿದೆವು. ಅಕ್ಕ ನಡುನಡುವೆ ನಿಲ್ಲುತ್ತಿದ್ದರು. ಮೊಣಕಾಲು ನೋವಿರಬೇಕು ಅಂದುಕೊಂಡೆ.

ಕೋಣೆಯಲ್ಲಿ ಪ್ರಿನ್ಸಿಪಾಲರು, ಪರೀಕ್ಷಾ ವಿಭಾಗದವರು, ಆಡಳಿತ ಮಂಡಳಿಯ ಒಬ್ಬರು. ಮಾತು ಮರಾಠಿಯಲ್ಲಿ. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದರು, ವಿವರಿಸಿದೆ. ಅದನ್ನು ಅವರು ಗಮನವಿಟ್ಟೇ ಕೇಳಿದರು. ಆಮೇಲೆ ಪ್ರಿನ್ಸಿಪಾಲರು ಇದಕ್ಕೆ ಲಿಖಿತ ಅನುಮತಿ ಇದೆಯೇ ಎಂದರು. ಲಿಖಿತ ಇಲ್ಲ, ಆದರೆ ವಿಭಾಗದ ಮುಖ್ಯಸ್ಥರನ್ನು ಕೇಳಿಯೇ ಮಾಡಿದ್ದೇನೆ ಎಂದೆ. ಎಲ್ಲರೂ ಅಕ್ಕನ ಕಡೆ ತಿರುಗಿದರು. ನಾನೂ ತಿರುಗಿದೆ, ಅವರು ಹೌದು ಎನ್ನುವುದನ್ನು ಕೇಳಲು.

ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಮಲಾ ಮಾಹಿತ್ ನವ್ಹತಂ," ಎಂದರು.

ನನಗೆ ಗೊತ್ತಿರಲಿಲ್ಲ ಎಂದು ಅದರ ಅರ್ಥ. ಶನಿವಾರದ ತರಗತಿಯ ಬಗ್ಗೆ ಗೊತ್ತಿತ್ತು, ಒಳ್ಳೆಯ ಕೆಲಸವೆಂದು ಪ್ರೋತ್ಸಾಹ ಕೊಟ್ಟಿದ್ದೆ. ಆದರೆ ಬಾಯಿಮಾತಿಗೆ ಮಾರ್ಕ್ಸ್ ಸೇರಿಸುತ್ತಾರೆ ಎಂಬುದು ನನ್ನ ಗಮನಕ್ಕೆ ಬಂದಿರಲಿಲ್ಲ, ಎಂದು ಮುಂದುವರಿಸಿದರು. ಸ್ವಚ್ಛವಾದ ಪುಣೇರಿ ಮರಾಠಿ. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಏನೋ ತಪ್ಪು ತಿಳಿದಿದ್ದಾರೆ, ಈಗ ನೆನಪಾಗುತ್ತದೆ, ಎಂದು ಸ್ವಲ್ಪ ಹೊತ್ತು ನಿಜಕ್ಕೂ ಕಾದೆ. ಸಮಿತಿಯ ಮುಂದೆ ನೀವೇ ಹೇಳಿದ್ದಿರಲ್ಲ ಎನ್ನಬಹುದಿತ್ತು. ಬಾಯಿಗೆ ಬಂದದ್ದು ಕನ್ನಡ. "ಅಕ್ಕಾ," ಎಂದೆ, ಅಷ್ಟೇ. ಆಡಳಿತ ಮಂಡಳಿಯವರು, ಮ್ಯಾಡಮ್, ದಯವಿಟ್ಟು ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಮಾತಾಡಿ ಎಂದರು. ಅಕ್ಕ ತಲೆ ಎತ್ತಲಿಲ್ಲ. ಆಮೇಲೆ ನಾನು ಮರಾಠಿಯಲ್ಲಿ ಏನೇನು ಹೇಳಿದೆನೋ ನೆನಪಿಲ್ಲ. ಹೇಳಿದ್ದರಿಂದ ಏನೂ ಆಗಲಿಲ್ಲ. ಹಿರಿಯರ ಮೇಲೆ ತಪ್ಪು ಹೊರಿಸುತ್ತಿದ್ದಾಳೆ ಎನ್ನುವಂತೆ ಎಲ್ಲರೂ ನನ್ನನ್ನು ನೋಡಿದರು.

ಬಾಯಿಮಾತಿನ ಮಾರ್ಕ್ಸ್ ರದ್ದಾದವು. ಆರಿಸಿಕೊಂಡವರೆಲ್ಲ ಅದೇ ವಾರ ಬರವಣಿಗೆಯ ಟೆಸ್ಟು ಕೊಡಬೇಕೆಂದಾಯಿತು. ಪ್ರಶ್ನೆಪತ್ರಿಕೆ ಬೇರೆಯವರು ತೆಗೆದರು. ನನಗೆ ಒಂದು ಮೆಮೊ ಬಂತು, ಶನಿವಾರದ ತರಗತಿ ನಿಂತಿತು. ಇಲ್ಲಿಯ ಮಕ್ಕಳು ಬೈದುಕೊಳ್ಳುತ್ತ ಹೇಗೋ ಬರೆದು ದಾಟಿಕೊಂಡರು. ಶಿರೂರಿನವಳೂ ಕಷ್ಟದಿಂದ ಪಾಸಾದಳು. ಸುಡಾನಿನವಳು ಎರಡು ಪ್ರಶ್ನೆಗೆ ಪೂರ್ತಿ ಉತ್ತರ ಬರೆದಿದ್ದಳು, ಉಳಿದದ್ದನ್ನು ಮುಟ್ಟಲು ಹೊತ್ತು ಸಿಕ್ಕಿರಲಿಲ್ಲ. ಫೇಲಾದಳು. ಇಂಟರ್ನಲ್‌ನಲ್ಲಿ ಫೇಲಾದರೆ ಆ ವಿಷಯವನ್ನು ಮುಂದಿನ ವರ್ಷ ಮತ್ತೆ ತೆಗೆದುಕೊಳ್ಳಬೇಕು. ಇಲ್ಲಿಯವರಿಗೆ ಅದೊಂದು ಬೇಸರ, ಅಷ್ಟೇ. ಅವಳಿಗೆ ಇನ್ನೊಂದು ವರ್ಷ ಈ ದೇಶದಲ್ಲಿರಬೇಕು, ವೀಸಾ ವಿಸ್ತರಿಸಬೇಕು, ಅದಕ್ಕೆ ಕಾಲೇಜು ಅವಳ ಓದು ಸರಿಯಾಗಿ ನಡೆದಿದೆ ಎಂದು ಬರೆದುಕೊಡಬೇಕು.

ಅವಳು ಕಾಲೇಜಿಗೆ ಬರುವುದನ್ನು ನಿಲ್ಲಿಸಿದಳು. ಫೋನ್ ಎತ್ತಲಿಲ್ಲ. ಶಿರೂರಿನವಳಿಂದ ವಿಳಾಸ ಕೇಳಿಕೊಂಡು ಒಂದು ಭಾನುವಾರ ಕೊಂಢವಾಕ್ಕೆ ಹೋದೆ. ಪಕ್ಕದಲ್ಲಿ ಹೊಸ ಕಟ್ಟಡ ಏಳುತ್ತಿತ್ತು, ಟೈಲ್ಸ್ ಕೊಯ್ಯುವ ಯಂತ್ರದ ಸದ್ದಿನಲ್ಲಿ ಬಾಗಿಲು ಬಡಿದದ್ದು ಕೇಳಿಸುತ್ತಿರಲಿಲ್ಲ. ಬಾಗಿಲು ತೆರೆದವಳು ಅವಳೇ. ನನ್ನನ್ನು ನೋಡಿ ಕ್ಷಣ ನಿಂತಳು, ಆಮೇಲೆ ಒಳಗೆ ಕರೆದಳು. ಶುಂಠಿ ಹಾಕಿದ ಕಪ್ಪು ಕಾಫಿಯನ್ನು ಸಣ್ಣ ಬಟ್ಟಲಿನಲ್ಲಿ ತಂದಿಟ್ಟಳು. ನಾನು ಕುಡಿದು ಮುಗಿಸುವವರೆಗೆ ಮಾತಿಗೆ ಶುರುಮಾಡಲಿಲ್ಲ. ಅದು ಅವರ ಪದ್ಧತಿಯೋ ಸಿಟ್ಟೋ ನನಗೆ ತಿಳಿಯಲಿಲ್ಲ.

ಮತ್ತೆ ಪರೀಕ್ಷೆಗೆ ಕೂರಬಹುದು, ನಾನು ಮನೆಗೆ ಬಂದು ಪಾಠ ಹೇಳುತ್ತೇನೆ ಎಂದೆ. ಅಣ್ಣ ಆಗುವುದಿಲ್ಲ ಎಂದಿದ್ದಾನೆ ಎಂದಳು. ತಾಯಿಯನ್ನೂ ತಂಗಿಯರನ್ನೂ ಅವನೇ ನೋಡಿಕೊಳ್ಳಬೇಕು, ಇವಳ ಓದು ಇಷ್ಟು ದಿನಕ್ಕೆ ಮುಗಿಯುತ್ತದೆಂದು ಎಲ್ಲರೂ ಲೆಕ್ಕ ಹಾಕಿ ಕೂತಿದ್ದರು. ಆಮೇಲೆ ಅವಳು ಇಂಗ್ಲಿಷಿನಲ್ಲಿ, ತಡೆಯಿಲ್ಲದೆ, ಮೊದಲೇ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡವಳಂತೆ ಮಾತಾಡಿದಳು.

"ಡಾಕ್ಟರ್, ನಾನು ಇದನ್ನು ಕೇಳಿರಲಿಲ್ಲ. ಎಲ್ಲರ ಹಾಗೆ ಬರೆಯಬೇಕು ಅಂತ ಮೊದಲಿಂದ ಗೊತ್ತಿದ್ದರೆ ಬರೆಯುವುದನ್ನೇ ಅಭ್ಯಾಸ ಮಾಡುತ್ತಿದ್ದೆ. ಕಡಿಮೆ ಬರುತ್ತಿತ್ತು, ಪಾಸಾಗುತ್ತಿದ್ದೆ. ನೀವು ಇದು ಕಾಲೇಜೇ ಒಪ್ಪಿದ ದಾರಿ ಅಂದಿರಿ. ನಾನು ನಂಬಿದೆ."

"ಒಪ್ಪಿದ್ದರು," ಎಂದೆ. "ನಮ್ಮ ಮುಖ್ಯಸ್ಥರು ಒಪ್ಪಿದ್ದರು."

"ಹಾಗಾದರೆ ಸಭೆಯಲ್ಲಿ ಅವರು ಯಾಕೆ ಗೊತ್ತಿಲ್ಲ ಅಂದರಂತೆ? ನೀವಿಬ್ಬರೂ ಒಂದೇ ಊರಿನವರಲ್ಲವೇ? ಯಾವಾಗಲೂ ನಿಮ್ಮ ಭಾಷೆಯಲ್ಲಿ ಮಾತಾಡುತ್ತಿದ್ದಿರಿ."

ಅವಳು ನನ್ನ ಮಾತನ್ನು ನಂಬಲಿಲ್ಲ ಎನ್ನುವುದು ಮುಖದಲ್ಲೇ ಕಾಣುತ್ತಿತ್ತು. ಒಂದೇ ಭಾಷೆಯ ಇಬ್ಬರು ಸೇರಿ ತನ್ನನ್ನು ಇಟ್ಟುಕೊಂಡು ಏನೋ ಆಡಿದರು, ಆಟ ಕೆಟ್ಟಾಗ ಕೈ ತೊಳೆದುಕೊಂಡರು: ಅವಳ ಪಾಲಿಗೆ ನಡೆದದ್ದು ಅಷ್ಟೇ. ಬಾಗಿಲವರೆಗೆ ಬಂದು ಬೀಳ್ಕೊಟ್ಟಳು. ಮೆಟ್ಟಿಲಲ್ಲಿ ಕತ್ತಲಿದೆ, ನೋಡಿಕೊಂಡು ಇಳಿಯಿರಿ ಎಂದಳು.

ಕೊಂಢವಾದಿಂದ ನಾನು ಮನೆಗೆ ಹೋಗಲಿಲ್ಲ. ರಿಕ್ಷಾದವನಿಗೆ ಸದಾಶಿವ ಪೇಠ ಎಂದೆ. ಅಕ್ಕನ ಫ್ಲ್ಯಾಟು ಹಳೆಯ ವಾಡೆಯನ್ನು ಒಡೆದು ಕಟ್ಟಿದ ಕಟ್ಟಡದಲ್ಲಿದೆ. ಕೆಳಗಿನ ಮಹಡಿಯಲ್ಲಿ ಕೋಚಿಂಗ್ ಕ್ಲಾಸು, ಬಾಗಿಲ ಮುಂದೆ ರಾಶಿ ಸ್ಕೂಟರುಗಳು. ಹಬ್ಬ ಹರಿದಿನಕ್ಕೆ ಎಷ್ಟು ಸಲ ಆ ಸ್ಕೂಟರುಗಳ ನಡುವೆ ದಾರಿ ಮಾಡಿಕೊಂಡು ಹೋಗಿದ್ದೇನೋ. ಅಕ್ಕನೇ ಬಾಗಿಲು ತೆಗೆದರು. "ಬಾ," ಎಂದರು. ನಾನು ಬರುತ್ತೇನೆಂದು ಅವರಿಗೆ ಗೊತ್ತಿತ್ತೆಂದು ಅನಿಸಿತು. ಚಹಾ ಮಾಡಲು ಹೊರಟವರನ್ನು ಬೇಡವೆಂದು ತಡೆದೆ.

"ಯಾಕ ಹಂಗ ಅಂದ್ರಿ ಅಕ್ಕಾ?"

ಅವರು ಸುತ್ತಿ ಬಳಸಲಿಲ್ಲ. ಅಷ್ಟು ಮಾತ್ರ ಅವರ ಪರವಾಗಿ ಹೇಳಬೇಕು.

"ನಾ ಇನ್ನ ರಿಟೈರ್ ಆಗಾಕಿ. ಈಗ ಚೌಕಶಿ, ವಿಚಾರಣಿ ಅಂತ ಹಚ್ಚಿದ್ರ ಪೆನ್ಶನ್ ನಿಂದರಸ್ತಾರ. ಇವರಿಗೆ ಹಾರ್ಟಿನ ತ್ರಾಸ ಅದ, ನಿನಗ ಗೊತ್ತದ. ನಿನಗ ಇನ್ನೂ ಭಾಳ ಸರ್ವಿಸ್ ಅದ. ಒಂದು ಮೆಮೊದಿಂದ ನಿನಗೇನೂ ಆಗೂದಿಲ್ಲ. ನೀ ತಡ್ಕೋತಿ ಅನಿಸ್ತು ನನಗ."

"ತಡ್ಕೊಂಡಾಕಿ ನಾ ಅಲ್ರಿ. ಆ ಹುಡುಗಿ."

ಕೆಳಗಿನ ಕ್ಲಾಸಿನಿಂದ ಮಕ್ಕಳು ಒಟ್ಟಿಗೆ ಏನೋ ಸೂತ್ರ ಹೇಳುವುದು ಕೇಳುತ್ತಿತ್ತು.

"ಆಕಿ ಹೋಗಾಕಿ," ಎಂದರು. "ಇವತ್ತಲ್ಲ ನಾಳೆ ತನ್ನ ಊರಿಗೆ ಹೋಗಾಕಿ. ಇಲ್ಲಿ ಇರಾವ್ರು ನಾವು."

ಅವರ ಗಂಡ ಒಳಗಿನಿಂದ ಯಾರು ಬಂದಿದ್ದು ಎಂದು ಕೇಳಿದರು. ಅಕ್ಕ ನನ್ನ ಹೆಸರು ಹೇಳಿದರು. ನಾನು ಚಪ್ಪಲಿ ಹಾಕಿಕೊಂಡು ಇಳಿದುಬಂದೆ. ಸಭೆಯಲ್ಲಿ ಆಡಿದ ಸುಳ್ಳಿಗಿಂತ ಈ ಮಾತು ನನಗೆ ಹೆಚ್ಚು ನಟ್ಟಿತು. ಸುಳ್ಳನ್ನು ಹೆದರಿ ಹೇಳಿದ್ದರು. ಇದನ್ನು ಹೆದರಿಕೆಯಿಲ್ಲದೆ, ತಮ್ಮ ಮನೆಯ ಕುರ್ಚಿಯಲ್ಲಿ ಕೂತು, ನಾನೂ ಒಪ್ಪುತ್ತೇನೆ ಎನ್ನುವ ನಂಬಿಕೆಯಿಂದ ಹೇಳಿದ್ದರು. ಸಮಿತಿಯ ಮುಂದೆ ಅವಳ ಹೆಗಲ ಮೇಲೆ ಕೈ ಇಟ್ಟಾಗಲೂ ಒಳಗೆ ಇದ್ದದ್ದು ಇದೇ ಲೆಕ್ಕವೇ ಎಂದು ರಿಕ್ಷಾದಲ್ಲಿ ಕೂತು ಯೋಚಿಸಿದೆ. ನನಗಾಗಿ ಅವರು ಓಡಾಡಿದ್ದು, ಆಸ್ಪತ್ರೆಗೆ ಬಂದದ್ದು ಎಲ್ಲ ನಿಜವೇ. ನಾನು ಇಲ್ಲೇ ಇರುವವಳು ಎಂದು ಹಾಗೆ ಮಾಡಿದ್ದರೇ? ಮನೆಗೆ ಬಂದು ನನ್ನ ಗಂಡನಿಗೆ ಹೇಳಿದೆ. ಅಕ್ಕನ ಜಾಗದಲ್ಲಿ ಯಾರಿದ್ದರೂ ಅಷ್ಟೇ ಮಾಡುತ್ತಿದ್ದರು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದರು. ಅವರ ಮೇಲೂ ಒಂದಷ್ಟು ದಿನ ಸಿಟ್ಟಾಗಿದ್ದೆ.

ಅವಳು ಪುಣೆ ಬಿಟ್ಟು ತಾಯಿಯಿರುವಲ್ಲಿಗೆ ಹೋದಳು. ಹೋದ ಸುದ್ದಿ ಶಿರೂರಿನವಳಿಂದ ತಿಳಿಯಿತು. ನನಗೆ ಹೇಳಿ ಹೋಗಲಿಲ್ಲ. ತಿಂಗಳುಗಳ ನಂತರ ಒಂದು ಮೆಸೇಜ್ ಬಂತು. ಇಲ್ಲಿ ಮುಗಿಸಿದ ಸೆಮಿಸ್ಟರುಗಳ ಅಂಕಪಟ್ಟಿ ಕಳಿಸಲು ಸಾಧ್ಯವೇ, ಅಲ್ಲಿ ಎಲ್ಲಾದರೂ ಸೇರಲು ಬೇಕಾಗಬಹುದು ಎಂದು. ಕಚೇರಿಗೆ ಅಲೆದು ತೆಗೆಸಿ ಕಳಿಸಿದೆ. ಧನ್ಯವಾದ ಎಂದು ಒಂದೇ ಪದ ಬಂತು, ಅರಬ್ಬಿಯಲ್ಲಿ. ಡಾಕ್ಟರ್ ಎಂದಾಗಲಿ ಮ್ಯಾಡಮ್ ಎಂದಾಗಲಿ ಏನೂ ಇರಲಿಲ್ಲ. ಎಲ್ಲಿಯಾದರೂ ಸೇರಿದಳೋ ಇಲ್ಲವೋ ಗೊತ್ತಿಲ್ಲ. ಕೇಳಿ ಬರೆದ ಮೆಸೇಜಿಗೆ ಉತ್ತರ ಬಂದಿಲ್ಲ.

ಅಕ್ಕ ನಿವೃತ್ತರಾಗುವವರೆಗಿನ ದಿನಗಳನ್ನು ನಾವು ಒಂದೇ ಸ್ಟಾಫ್ ರೂಮಿನಲ್ಲಿ ಕಳೆದೆವು. ನಾನು ಡಬ್ಬಿಯನ್ನು ಕ್ಯಾಂಟೀನಿಗೆ ಒಯ್ಯತೊಡಗಿದೆ. ಕೆಲಸದ ಮಾತಷ್ಟನ್ನು ಮರಾಠಿಯಲ್ಲಿ ಆಡುತ್ತಿದ್ದೆ. ಅವರು ಒಂದೆರಡು ಸಲ ಕನ್ನಡದಲ್ಲಿ ಶುರುಮಾಡಿದರು, ನಾನು ಮರಾಠಿಯಲ್ಲೇ ಉತ್ತರಿಸಿದೆ. ಆಮೇಲೆ ಅವರೂ ಬಿಟ್ಟರು. ಇಡೀ ದಿನ ಕನ್ನಡದ ಒಂದು ಮಾತೂ ಇಲ್ಲದೆ ಮನೆಗೆ ಬರುತ್ತಿದ್ದೆ. ಬೀಳ್ಕೊಡುಗೆಯ ದಿನ ಎರಡು ಮಾತಾಡಿ, ನೀವು ಅವರಿಗೆ ಹತ್ತಿರದವರು ಎಂದು ಸಿಬ್ಬಂದಿ ಸಂಘದ ಕಾರ್ಯದರ್ಶಿ ಕೇಳಿಕೊಂಡರು. ಅದೇ ಹೊತ್ತಿಗೆ ತರಗತಿ ಇದೆ ಎಂದೆ. ನಿಜವಾಗಿಯೂ ಇತ್ತು.

ಅವರು ನಿವೃತ್ತರಾದ ಮರುವರ್ಷ ಹೊರಗಿನ ಸಮಿತಿಯ ವರದಿ ಅಂತೂ ಕೊನೆಗೆ ಬಂತು. ಹೊರದೇಶದ ಮತ್ತು ಗ್ರಾಮೀಣ ವಿದ್ಯಾರ್ಥಿಗಳಿಗೆ ಬಾಯಿಮಾತಿನ ಪರೀಕ್ಷೆಯ ಅವಕಾಶ ಕೊಟ್ಟದ್ದನ್ನು ಅದರಲ್ಲಿ ಮೆಚ್ಚಿದ್ದರು. ಪ್ರಿನ್ಸಿಪಾಲರು ಎಲ್ಲ ವಿಭಾಗಗಳಿಗೂ ಸುತ್ತೋಲೆ ಕಳಿಸಿದರು: ಇನ್ನು ಮುಂದೆ ಬಯಸಿದವರು ಇಂಟರ್ನಲ್ ಟೆಸ್ಟನ್ನು ಬಾಯಿಮಾತಿನಲ್ಲಿ ಕೊಡಬಹುದು. ಅದೇ ನಿಯಮ, ಅದೇ ಕಾಲೇಜು. ನನ್ನ ಮೆಮೊವನ್ನು ಯಾರೂ ಹಿಂತೆಗೆದುಕೊಳ್ಳಲಿಲ್ಲ, ನಾನೂ ಕೇಳಲಿಲ್ಲ. ಸುತ್ತೋಲೆ ಓದಿದ ದಿನ ಖಾಲಿ ತರಗತಿಯಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ. ಸಂತೋಷಪಡಬೇಕಿತ್ತು. ನನ್ನಿಂದ ಏನನ್ನೋ ಕಸಿದುಕೊಂಡು, ನನ್ನ ಕಣ್ಣೆದುರೇ ಬೇರೆಯವರಿಗೆ ಹಂಚಿದಂತಾಯಿತು.

ಆ ವರ್ಷ ತಾಂಜಾನಿಯಾದ ಒಬ್ಬಳು, ಯೆಮೆನಿನ ಇಬ್ಬರು, ಜುನ್ನರದ ಕಡೆಯ ನಾಲ್ಕೈದು ಮಕ್ಕಳು ಬಾಯಿಮಾತನ್ನು ಆರಿಸಿಕೊಂಡರು. ಪ್ರಶ್ನೆ ಕೇಳಿದೆ, ಮಾರ್ಕ್ಸ್ ಕೊಟ್ಟೆ, ಪಟ್ಟಿಗೆ ಮುಖ್ಯಸ್ಥರದೂ ಪ್ರಿನ್ಸಿಪಾಲರದೂ ಸಹಿ ಹಾಕಿಸಿಕೊಂಡೆ. ಚೆನ್ನಾಗಿ ಹೇಳಿದವರಿಗೂ ಚೆನ್ನಾಗಿ ಹೇಳಿದೆ ಎನ್ನಲು ನಾಲಿಗೆ ಹಿಂಜರಿಯುತ್ತದೆ. ಕಾಲೇಜು ನಿಮ್ಮ ಜೊತೆ ಇದೆ ಎನ್ನುವ ಮಾತನ್ನಂತೂ ಆಮೇಲೆ ಯಾರಿಗೂ ಹೇಳಿಲ್ಲ. ಏನು ಬರಹದಲ್ಲಿದೆಯೋ ಅಷ್ಟನ್ನು ಓದಿ ತೋರಿಸುತ್ತೇನೆ. ತಾಂಜಾನಿಯಾದವಳು ಒಮ್ಮೆ, ಇದರಲ್ಲಿ ಏನೂ ತೊಂದರೆ ಆಗುವುದಿಲ್ಲ ಅಲ್ಲವೇ ಎಂದು ಕೇಳಿದಳು. ಸುತ್ತೋಲೆಯ ಒಂದು ಪ್ರತಿಯನ್ನು ನಿನ್ನ ಹತ್ತಿರ ಇಟ್ಟುಕೋ ಎಂದೆ.

ಅಕ್ಕನ ಫೋನ್ ಬಂದದ್ದು ಆ ದಿನಗಳಲ್ಲೇ. ಸುತ್ತೋಲೆಯ ಸುದ್ದಿ ಅವರಿಗೆ ಯಾರೋ ಮುಟ್ಟಿಸಿದ್ದರು. "ಕಡೀಕ ಆತಲ್ಲ, ನೀ ಅಂದಂಗ," ಎಂದರು ಕನ್ನಡದಲ್ಲಿ. ದನಿ ಸೊರಗಿತ್ತು. ಗಂಡನಿಗೆ ಆಸ್ಪತ್ರೆಯ ಓಡಾಟ ನಡೆದಿದೆ ಎಂದು ಕೇಳಿದ್ದೆ. ಅದನ್ನು ಮರಾಠಿಯಲ್ಲೇ ವಿಚಾರಿಸಿದೆ, ಪರವಾಗಿಲ್ಲ ಎಂದರು. ಸ್ವಲ್ಪ ತಡೆದು, ಆ ಹುಡುಗಿಯ ಸುದ್ದಿ ಏನಾದರೂ ಇದೆಯೇ ಎಂದು ಕೇಳಿದರು.

"ಇಲ್ರಿ," ಎಂದೆ.

ಬಹಳ ದಿನಗಳ ಮೇಲೆ ಅವರಿಗೆ ಕನ್ನಡದಲ್ಲಿ ಹೇಳಿದ ಒಂದು ಮಾತು ಅದು. ಇನ್ನೇನಾದರೂ ಹೇಳುತ್ತೇನೆಂದು ಅವರು ಕಾದರು. ತರಗತಿಗೆ ಹೊತ್ತಾಯಿತೆಂದು ಫೋನ್ ಇಟ್ಟೆ.